ಉಪವಾಸದ ಮನೆಯಲ್ಲಿ ಇಂಗಿನ ವಾಸನೆ

ಶಕುನ, ಸೂಚನೆ, ಸತ್ತವರು ಬಂದು ದಾರಿ ತೋರಿಸಿದ್ದು ಇಂಥ ಮಾತುಗಳನ್ನು ಯಾರಾದರೂ ಶುರು ಮಾಡಿದರೆ ನಾನು ಏನಾದರೂ ನೆವ ಹೇಳಿ ಎದ್ದು ಹೋಗುತ್ತಿದ್ದೆ. ಎದ್ದು ಹೋಗಲು ಆಗದ ಕಡೆ ನಕ್ಕುಬಿಡುತ್ತಿದ್ದೆ. ನನ್ನ ಕೆಲಸವೂ ಅದಕ್ಕೆ ತಕ್ಕುದಾಗಿತ್ತು. ಮುಂಬಯಿಯ ನೆಲದಡಿ ಹರಿಯುವ ಗ್ಯಾಸ್ ಪೈಪುಗಳು ಸುರಕ್ಷಿತವಾಗಿವೆಯೇ, ಅವುಗಳಿಂದ ಜನರಿಗೆ, ಮರಗಿಡಗಳಿಗೆ, ನೀರಿಗೆ ತೊಂದರೆ ಇದೆಯೇ ಎಂದು ತಪಾಸಣೆಯ ಕಚೇರಿಯೊಂದರ ಪರವಾಗಿ ಪರಿಶೀಲಿಸಿ ವರದಿ ಬರೆಯುವವನು ನಾನು. ಸೋರಿಕೆ ಅಳೆಯುವ ಮೀಟರ್ ಹೇಳದ್ದನ್ನು ನಾವು ಬರೆಯುವಂತಿಲ್ಲ. ಹಾಗೆ ಮೂವತ್ತು ವರ್ಷ ಬದುಕಿದವನು ಈಗ ಇದನ್ನು ಬರೆಯಲು ಕೂತಿದ್ದೇನೆ. ಓದಿ ನೀವು ಮೂಗು ಮುರಿದರೆ ನನಗೆ ಬೇಸರವಿಲ್ಲ. ಇದು ಮೂಗಿನ ವಿಷಯವೇ.

ಮೊದಲು ನನ್ನ ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಭಟ್ಟರಾಗಿದ್ದರು. ಊರಿನಲ್ಲಿದ್ದಾಗ ದೇವಸ್ಥಾನದ ಅಡುಗೆಮನೆಯಲ್ಲಿ ಕೆಲಸ ಕಲಿತವರು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ ಎಂಬ ಅಲ್ಲಿನ ನೇಮವನ್ನು ಅವರು ಮುಂಬಯಿಯ ಹೋಟೆಲಿಗೂ ತಂದಿದ್ದರು. ಎಷ್ಟು ದೊಡ್ಡ ಕೊಳಗದ ಸಾಂಬಾರಾದರೂ ಒಂದು ಹನಿ ನಾಲಗೆಗೆ ಹಾಕಿದವರಲ್ಲ. ಬಗ್ಗಿ ಒಮ್ಮೆ ಮೂಸುತ್ತಿದ್ದರು, "ಉಪ್ಪು ಕಮ್ಮಿ ಉಂಟು" ಎನ್ನುತ್ತಿದ್ದರು, ಅಷ್ಟೇ. ಗಟ್ಟಿ ಇಂಗನ್ನು ನೆನೆಹಾಕಿದ ನೀರಿನ ಬಾಟಲಿಯೊಂದು ಸದಾ ಅವರ ಕೈಗೆಟಕುವಲ್ಲಿ ಇರುತ್ತಿತ್ತು. ಕೊನೆಗೆ ಆ ನೀರನ್ನು ಚಿಮುಕಿಸಿ ಮುಚ್ಚಳ ಮುಚ್ಚಿದರೆ ಸಾಂಬಾರು ಮುಗಿದ ಹಾಗೆ. ಆ ವಾಸನೆ ಅವರ ಅಂಗಿಯಲ್ಲಿ, ಬೆರಳಲ್ಲಿ, ನಮ್ಮ ಮನೆಯ ಹಾಸಿಗೆಯಲ್ಲಿ ಎಲ್ಲದರಲ್ಲೂ ಇತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂತವರು ಅದಕ್ಕೇ ಗೇಲಿ ಮಾಡುತ್ತಿದ್ದರು.

ಹೋಟೆಲು ಮುಚ್ಚುವ ಮೊದಲು ಅಪ್ಪ ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು. ಪ್ರತಿ ಒಲೆಯ ಮುಂದೆ ಮೊಣಕಾಲೂರಿ, ಬಹುತೇಕ ನೆಲಕ್ಕೆ ಮುಖ ತಾಗಿಸಿ ಮೂಸಿ ನೋಡುತ್ತಿದ್ದರು. ರಜೆಯಲ್ಲಿ ನಾನು ಜೊತೆಗಿದ್ದರೆ ನನ್ನನ್ನೂ ಬಗ್ಗಿಸುತ್ತಿದ್ದರು.

"ಕೆಳಗೆ ಮೂಸು ಮಾಣಿ. ಕಳ್ಳ ಕೆಳಗೇ ಮಲಗಿರುದು."

ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಅಪ್ಪನ ಮೂಗು ನನಗೂ ಬಂದಿತ್ತು. ಈ ಕೆಲಸಕ್ಕೆ ಸೇರಿದ ಮೇಲೆ ಅದು ನನ್ನ ಹೆಸರಿಗಿಂತ ಮುಂದೆ ಓಡಿತು. ಮೀಟರ್ ಕೂಗುವ ಮೊದಲೇ ನಾನು ನಿಂತುಬಿಡುತ್ತಿದ್ದೆ. ಗ್ಯಾಸ್ ಕಂಪನಿಯವರು ನನ್ನನ್ನು ಬೆನ್ನ ಹಿಂದೆ 'ನಾಕ್‌ವಾಲೇ ಸಾಹೇಬ್', ಅಂದರೆ ಮೂಗಿನ ಸಾಹೇಬ, ಎನ್ನುತ್ತಿದ್ದರಂತೆ. ಕೇಳಿ ಒಳಗೊಳಗೇ ಉಬ್ಬಿಹೋಗಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಕೊರೋನಾ ಬಂದಾಗ ಆ ಮೂಗು ಹೋಯಿತು. ಎಲ್ಲರಿಗೂ ಎರಡು ವಾರಕ್ಕೋ ಎರಡು ತಿಂಗಳಿಗೋ ವಾಪಸು ಬಂತು, ನನಗೆ ಬರಲಿಲ್ಲ. ನಾನು ಮದುವೆಯಾದವನಲ್ಲ. ಅಪ್ಪ ತೀರಿಕೊಂಡ ಮೇಲೆ ಆಂಟಾಪ್ ಹಿಲ್‌ನ ಮನೆಯಲ್ಲಿ ಒಬ್ಬನೇ ಇದ್ದೇನೆ. ಒಬ್ಬನೇ ಇರುವುದು ಆವರೆಗೆ ನನಗೆ ಅಷ್ಟೇನೂ ಕಷ್ಟವಾಗಿರಲಿಲ್ಲ. ವಾಸನೆ ಹೋದ ಮೇಲೆ ಗೊತ್ತಾಯಿತು. ಹಾಲು ಒಡೆಯುವ ಹಾಗಿದೆಯೋ ಇಲ್ಲವೋ ಎಂದು ಕೇಳಲು ಮನೆಯಲ್ಲಿ ಇನ್ನೊಬ್ಬರಿಲ್ಲ. ಒಮ್ಮೆ ಹಳಸಿದ ಉಪ್ಪಿಟ್ಟು ಪೂರ್ತಿ ತಿಂದು ಮೂರು ದಿನ ಮಲಗಿದೆ. ಮಳೆ ಬಿದ್ದರೆ ಬರೀ ಒದ್ದೆ, ಲೋಕಲ್‌ನಲ್ಲಿ ಪಕ್ಕದವನು ತಾಗುವ ಒಂದು ಮೈ ಮಾತ್ರ. ಊಟವೆಂದರೆ ಉಪ್ಪು, ಹುಳಿ, ಖಾರ ಇಷ್ಟೇ, ಅದರಾಚೆ ಏನೂ ಇಲ್ಲ. ಅಪ್ಪನ ಇಂಗಿನ ಡಬ್ಬಿ ಅಡುಗೆಮನೆಯ ಶೆಲ್ಫಿನಲ್ಲಿ ಹಾಗೇ ಇತ್ತು. ಅದನ್ನು ತೆರೆದು ಮೂಗಿಗೆ ಹಿಡಿದರೆ ತಗಡಿನ ತಣ್ಣಗಿನ ಅಂಚು ಮಾತ್ರ ತಾಗುತ್ತಿತ್ತು. ಅಪ್ಪ ಎರಡನೇ ಸಲ ಸತ್ತ ಹಾಗಾಯಿತು.

ಇದನ್ನು ನಾನು ಆಫೀಸಿನಲ್ಲಿ ಹೇಳಲಿಲ್ಲ. ಮಾಡಿದ ತಪ್ಪು ಅದು. ಪೈಪಿನ ಗ್ಯಾಸಿಗೆ ತನ್ನದೇ ವಾಸನೆ ಇರುವುದಿಲ್ಲ. ಸೋರಿದರೆ ಜನಕ್ಕೆ ತಿಳಿಯಲಿ ಎಂದು ಕೊಳೆತ ಮೊಟ್ಟೆಯಂಥ ನಾತದ ಒಂದು ರಾಸಾಯನಿಕವನ್ನು ಬೆರೆಸುತ್ತಾರೆ. ಪರಿಶೀಲನೆಗೆ ಹೋದಾಗ ಒಂದು ನಲ್ಲಿಯಿಂದ ಸ್ವಲ್ಪ ಗ್ಯಾಸ್ ಬಿಟ್ಟು ಮೂಸಿ, ಫಾರಮ್ಮಿನಲ್ಲಿ 'ಇಲ್ಲ', 'ಮಂದ', 'ಸ್ಪಷ್ಟ' ಈ ಮೂರರಲ್ಲಿ ಒಂದನ್ನು ಬರೆದು ರುಜು ಹಾಕಬೇಕು. ಇಬ್ಬರು ಬೇರೆ ಬೇರೆಯಾಗಿ ಮೂಸಬೇಕೆಂದು ನಿಯಮ. ಆದರೆ ನನ್ನ ಜೊತೆ ಬರುತ್ತಿದ್ದ ಕಂಪನಿಯ ಸೂಪರ್‌ವೈಸರ್ ಗಾವಡೆ ಯಾವತ್ತೂ ಮೂಸಿದವನಲ್ಲ. ಸಾಹೇಬರು ಮೂಸಿದ ಮೇಲೆ ತನ್ನ ಮೂಗು ಯಾವ ಲೆಕ್ಕ ಎಂದು ನಕ್ಕು ನನ್ನ ರುಜುವಿನ ಕೆಳಗೆ ತನ್ನದನ್ನು ಹಾಕುತ್ತಿದ್ದ. ಮೂಗು ಹೋದ ಮೇಲೂ ನಾನು ನಲ್ಲಿಯ ಮುಂದೆ ಬಗ್ಗಿ, ಮುಖ ಕಿವುಚಿ, 'ಸ್ಪಷ್ಟ' ಎಂದು ಬರೆಯುತ್ತಲೇ ಬಂದೆ. ಎಲ್ಲ ಕಡೆಯೂ ವಾಸನೆ ಇದ್ದೇ ಇರುತ್ತದೆ, ಇಲ್ಲದೆ ಎಲ್ಲಿ ಹೋದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಕೆಲಸ ಬಿಟ್ಟರೆ ನನಗೆ ಬೇರೇನಿತ್ತು ಹೇಳಿ. ಬೆಳಿಗ್ಗೆ ಎದ್ದು ಹೋಗಲು ಒಂದು ಕಡೆ, 'ಸಾಹೇಬ್' ಎನ್ನಲು ನಾಲ್ಕು ಜನ, ಅಷ್ಟನ್ನೂ ಬಿಟ್ಟುಕೊಡಲು ಧೈರ್ಯ ಬರಲಿಲ್ಲ.

ವಡಾಲದ ಒಂದು ಓಣಿಗೆ ಹೊಸದಾಗಿ ಪೈಪು ಹಾಕಿದ್ದರು. ಅದರ ಸುರಕ್ಷತೆಯ ಪರಿಶೀಲನೆ ಮುಗಿಸಿ, ಎಂದಿನಂತೆ 'ಸ್ಪಷ್ಟ' ಬರೆದು ಬಂದಿದ್ದೆ. ಮೂರು ವಾರದ ನಂತರ ಇನ್ನೊಮ್ಮೆ ಹೋದೆ. ಈ ಸಲದ್ದು ಪರಿಸರದ ಕಡೆಯ ಕೆಲಸ. ಅಗೆದ ಮಣ್ಣನ್ನು ಎಲ್ಲಿ ಸುರಿದಿದ್ದಾರೆ, ಕಡಿದ ಮರಗಳಿಗೆ ಬದಲು ಸಸಿ ನೆಟ್ಟಿದ್ದಾರೆಯೇ, ಸಮುದ್ರದ ನೀರು ಒಳಬರುವ ಖಾಡಿಯ ಪಕ್ಕದ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡಕ್ಕೆ ಕಲ್ಲುಮಣ್ಣು ಬಿದ್ದಿದೆಯೇ, ಇಂಥದ್ದು. ಗಾವಡೆಗೆ ಬೇರೆ ಕಡೆ ಕೆಲಸವಿತ್ತು. ಒಬ್ಬನೇ ಹೋಗಿದ್ದೆ. ಮೀಟರನ್ನು ಹೆಗಲ ಚೀಲದಲ್ಲಿ ಹಾಕಿಕೊಂಡದ್ದು ಬರೀ ಅಭ್ಯಾಸದಿಂದ.

ರಮಜಾನ್ ತಿಂಗಳು. ಬಿಸಿಲು ಆಗಲೇ ಜೋರಾಗಿತ್ತು. ಖಾಡಿಯ ಬದಿಯಲ್ಲಿ ಒಂದು ಕಡೆ ಮಣ್ಣು ಸುರಿದದ್ದನ್ನು ಕಂಡೆ, ಫೋಟೋ ತೆಗೆದೆ. ಹನ್ನೊಂದು ಸಸಿಗಳಲ್ಲಿ ನಾಲ್ಕು ಒಣಗಿದ್ದವು, ಬರೆದುಕೊಂಡೆ. ಮಧ್ಯಾಹ್ನವಿಡೀ ಯಾರೊಡನೆಯೂ ಒಂದು ಮಾತಾಡಿರಲಿಲ್ಲ. ನಾಲ್ಕೂವರೆಯ ಹೊತ್ತಿಗೆ ಕೆಲಸ ಮುಗಿಸಿ ಸ್ಟೇಷನ್ನಿಗೆಂದು ಆ ಓಣಿಯಲ್ಲೇ ಬರುತ್ತಿದ್ದೆ. ಮೂರು ಮಹಡಿಯ ಹಳೆಯ ಬಿಲ್ಡಿಂಗೊಂದರ ಮುಂದೆ ಬಂದಾಗ ಇಂಗಿನ ವಾಸನೆ ಬಂತು.

ಒಂದು ಕ್ಷಣ ಏನಾಯಿತೆಂದೇ ತಿಳಿಯಲಿಲ್ಲ. ಹುಟ್ಟು ಕಿವುಡನಲ್ಲ, ನಡುವೆ ಕಿವುಡಾದವನಿಗೆ ಫಕ್ಕನೆ ಯಾರೋ ಹೆಸರು ಹಿಡಿದು ಕರೆದರೆ ಹೇಗಿರಬಹುದು? ಹಾಗಿತ್ತು. ಅದೂ ಅಂಗಡಿಯ ಇಂಗಿನ ಪುಡಿಯದಲ್ಲ, ಗಟ್ಟಿ ಇಂಗನ್ನು ನೆನೆಹಾಕಿದ ನೀರಿನದು, ಬಿಸಿ ಸಾಂಬಾರಿನ ಮೇಲೆ ಚಿಮುಕಿಸಿದಾಗ ಬರುವಂಥದ್ದು. ಫುಟ್‌ಪಾತಿನ ಮೇಲೆ ನಿಂತು ನಾನು ಅತ್ತೆ. ಇದನ್ನು ಹೇಳಲು ನಾಚಿಕೆಯೇನೂ ಇಲ್ಲ. ಮೂಗು ವಾಪಸು ಬಂತು ಎಂದು ಸಂತೋಷ. ಯಾರಿಗಾದರೂ ಹೇಳಬೇಕು ಎನಿಸಿತು, ಹೇಳಲು ಯಾರೂ ಇರಲಿಲ್ಲ. ಕೊನೆಗೆ ಈ ಸಾಂಬಾರು ಮಾಡುತ್ತಿರುವವರನ್ನಾದರೂ ಒಮ್ಮೆ ನೋಡೋಣ ಎಂದುಕೊಂಡು ವಾಸನೆಯ ಹಿಂದೆ ಆ ಬಿಲ್ಡಿಂಗಿನ ಒಳಗೆ ಹೋದೆ.

ಮೆಟ್ಟಿಲ ಪಕ್ಕದ ಮೊದಲ ಬಾಗಿಲು ಅರ್ಧ ತೆರೆದಿತ್ತು. ತಟ್ಟಿದೆ. ಅರವತ್ತು ದಾಟಿದ ಹೆಂಗಸೊಬ್ಬರು ಬಂದರು. ಒಳಗೆ ಹೊಲಿಗೆ ಮಷೀನು, ಅದರ ಪಕ್ಕ ಫಾಲ್ ಹಚ್ಚಲು ಬಂದ ಸೀರೆಗಳ ರಾಶಿ. ಅವರ ಹೆಸರು ಮೆಹಬೂಬ್‌ಬಿ, ವಿಜಯಪುರದ ಕಡೆಯವರು ಎಂದು ಆಮೇಲೆ ತಿಳಿಯಿತು. ಯಾರ ಮನೆಯಲ್ಲಿ ಸಾಂಬಾರು ಮಾಡುತ್ತಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದೆ. ನಡುವೆ ಎಲ್ಲೋ ಇಂಗು ಎಂಬ ಮಾತು ಕನ್ನಡದಲ್ಲೇ ಬಂದುಬಿಟ್ಟಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕನ್ನಡದವರೇನ್ರಿ ಅಣ್ಣಾರ? ಇಲ್ಲಿ ಯಾರ ಸಾಂಬಾರ ಮಾಡ್ತಾರ್ರಿ? ರೋಜಾ ಅದ. ಮುಂಜಾನಿ ಸಹರಿ ಊಟ ಆದ ಮ್ಯಾಲ ಈ ಬಿಲ್ಡಿಂಗ್‌ನ್ಯಾಗ ಯಾರೂ ಒಲಿ ಹಚ್ಚಿಲ್ಲ. ಈಗ ಹಚ್ಚವ್ರ ಇದ್ದೀವಿ."

ಅವರ ಕೈಯಲ್ಲಿ ಒಲೆಯ ಲೈಟರ್ ಇತ್ತು. ಅದನ್ನು ನೋಡಿದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಇಲ್ಲೇ ಬರುತ್ತಾ ಉಂಟಲ್ಲ ಅಕ್ಕಾ, ಇಷ್ಟು ಗಾಢವಾಗಿ ಎಂದು ವಾದಿಸಿದೆ. ಅವರು ಬಾಗಿಲಿಂದ ಹೊರಗೆ ಬಂದು ತಲೆ ಎತ್ತಿ ಎರಡು ಸಲ ಮೂಸಿದರು.

"ಉಪಾಸ ಇದ್ದೋರ ಮೂಗ ಭಾಳ ಚುರುಕ ಇರ್ತದರಿ. ಮ್ಯಾಲಿನ ಮನ್ಯಾಗ ಉಳ್ಳಾಗಡ್ಡಿ ಹೆಚ್ಚಿದ್ರ ನನಗ ಇಲ್ಲಿ ಗೊತ್ತಾಗ್ತದ. ನನಗ ಬರದ ವಾಸನಿ ನಿಮಗ ಹೆಂಗ ಬಂತು?"

ನಾನು ಮತ್ತೊಮ್ಮೆ ಮೂಸಿದೆ. ವಾಸನೆ ಇತ್ತು, ಅದು ಮನೆಯೊಳಗಿಂದ ಬರುತ್ತಿರಲಿಲ್ಲ. ಮೆಟ್ಟಿಲ ಬುಡದಿಂದ, ನೆಲದಿಂದ ಬರುತ್ತಿತ್ತು. ನಿಂತರೆ ಕಡಿಮೆ, ಬಗ್ಗಿದರೆ ಹೆಚ್ಚು. ನಾನು ಮೊಣಕಾಲೂರಿ, ಅಪ್ಪ ಬಗ್ಗುತ್ತಿದ್ದ ಹಾಗೆ ಮುಖವನ್ನು ನೆಲಕ್ಕೆ ಇಳಿಸಿದೆ. ಕಡಪ ಕಲ್ಲಿನ ಅಂಚಿನಲ್ಲಿ ಕರೆಂಟಿನ ಕೇಬಲು ಒಳಗೆ ಬರುವ ತೂತೊಂದಿತ್ತು, ಎರಡು ಬೆರಳಿನ ಅಗಲ. ಯಾಕೆ ಚೀಲದಿಂದ ಮೀಟರ್ ತೆಗೆದೆನೋ ಗೊತ್ತಿಲ್ಲ. ಅದರ ನಳಿಗೆಯನ್ನು ತೂತಿನೊಳಗೆ ಇಳಿಸಿದೆ. ಕೆಲವೇ ಕ್ಷಣದಲ್ಲಿ ಅದು ಕಿರುಚಿಕೊಂಡಿತು. ಕಿಡಿ ತಾಗಿದರೆ ಸಿಡಿಯುವ ಮಿತಿಯ ಅರ್ಧವನ್ನು ದಾಟಿ ಮುಳ್ಳು ಇನ್ನೂ ಏರುತ್ತಿತ್ತು.

ನೀವು ಗಮನಿಸಬೇಕಾದದ್ದು ಇದು. ಪೈಪಿನ ಗ್ಯಾಸು ಸಿಲಿಂಡರಿನದರ ಹಾಗಲ್ಲ. ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ನಾವು ಮೀಟರನ್ನು ಸೂರಿನ ಹತ್ತಿರ ಹಿಡಿಯುತ್ತೇವೆ. ಅನುಮಾನವಿಟ್ಟುಕೊಂಡೇ ಆ ಬಿಲ್ಡಿಂಗಿಗೆ ಬಂದಿದ್ದರೂ ಆ ತೂತಿನ ಕಡೆ ನಾನು ಕಣ್ಣು ಹಾಯಿಸುತ್ತಿರಲಿಲ್ಲ.

ಲೈಟರ್ ಕೆಳಗಿಡಿ, ಯಾವ ಸ್ವಿಚ್ಚೂ ಮುಟ್ಟಬೇಡಿ, ಎಲ್ಲರನ್ನೂ ಹೊರಗೆ ಕರೆಯಿರಿ ಎಂದೆ. ಮೆಹಬೂಬ್‌ಬಿ ಯಾಕೆ ಏನು ಎಂದು ಕೇಳಲಿಲ್ಲ. ಲೈಟರನ್ನು ನೆಲದ ಮೇಲಿಟ್ಟು, ಮೆಟ್ಟಿಲ ಬಳಿ ನಿಂತು ಅವರದೇ ದಖ್ಖನಿ ಉರ್ದುವಿನಲ್ಲಿ ಮೇಲಕ್ಕೆ ಕೂಗಿದರು. ಒಲೆ ಹಚ್ಚಲು ಕೂತವರೆಲ್ಲ ಹಾಗೇ ಎದ್ದು ಬಂದರು. ಹಿಟ್ಟಿನ ಕೈಯವರು, ಮಗುವನ್ನು ಎತ್ತಿಕೊಂಡವರು ಎಲ್ಲ ಇಳಿದರು; ಒಬ್ಬ ಮುದುಕನನ್ನು ಕುರ್ಚಿ ಸಮೇತ ಇಳಿಸಿದರು. ಓಣಿಯ ಆ ತುದಿಗೆ ಹೋಗಿ ಗಾವಡೆಗೆ ಫೋನ್ ಮಾಡಿದೆ. ಅವನ ಜನ ಬಂದು ವಾಲ್ವ್ ಮುಚ್ಚಿ ಅಗೆಯತೊಡಗಿದರು. ಫುಟ್‌ಪಾತಿನಡಿ ಪೈಪಿನ ಒಂದು ಜೋಡಣೆ ಬಿರುಕು ಬಿಟ್ಟಿತ್ತು. ಗ್ಯಾಸು ಕೇಬಲಿನ ಕಾಲುವೆ ಹಿಡಿದು ಬಿಲ್ಡಿಂಗಿನ ಬುಡದಲ್ಲಿ ತುಂಬಿಕೊಂಡು, ಗೋಡೆಯ ಸಂದಿಯಲ್ಲಿ ತಳಮಹಡಿಯ ಅಡುಗೆಮನೆಗಳ ಕಡೆ ಹೊರಟಿತ್ತು. ನಾನು ತಡೆಯದಿದ್ದರೆ ಅರ್ಧ ಗಂಟೆಯೊಳಗೆ ಆ ಬಿಲ್ಡಿಂಗಿನ ಹನ್ನೆರಡು ಒಲೆಗಳು ಒಟ್ಟಿಗೇ ಹತ್ತುತ್ತಿದ್ದವು.

ಸೂರ್ಯ ಮುಳುಗಿದಾಗ ಜನ ರಸ್ತೆಯಲ್ಲೇ ಇದ್ದರು. ಅಡುಗೆಯಾಗಿರಲಿಲ್ಲ. ಎದುರು ಬಿಲ್ಡಿಂಗಿನವರು ತಂದ ನೀರು, ಖರ್ಜೂರದಲ್ಲಿ ಉಪವಾಸ ಬಿಟ್ಟರು. ಮೆಹಬೂಬ್‌ಬಿ ನನಗೂ ಒಂದು ಖರ್ಜೂರ ಕೊಟ್ಟರು. ಬಾಯಿಗಿಡುವ ಮೊದಲು ಆಸೆಯಿಂದ ಮೂಸಿದೆ. ಏನೂ ಇರಲಿಲ್ಲ. ಆಗ ನೆನಪಾಯಿತು, ಮೀಟರ್ ಕೂಗಿದಾಗಿನಿಂದ ಇಂಗಿನ ವಾಸನೆಯೂ ಬಂದಿರಲಿಲ್ಲ. ಅಷ್ಟೂ ಜನರ ನಡುವೆ ನಿಂತು ಬರೀ ಸಿಹಿಯನ್ನು ನುಂಗಿದೆ.

ಮುಂದಿನದು ನನಗೆ ಹೇಳಲು ಕಷ್ಟ. ಅಗೆದ ಗುಂಡಿಯ ಸುತ್ತ ನಿಂತಿದ್ದ ಅಷ್ಟೂ ಕೆಲಸಗಾರರಲ್ಲಿ ಒಬ್ಬನಿಗೂ ಗ್ಯಾಸಿನ ನಾತ ಬಂದಿರಲಿಲ್ಲ. ಆ ಓಣಿಯ ಗ್ಯಾಸನ್ನು ಪರೀಕ್ಷೆಗೆ ಕಳಿಸಿದರು. ಹೊಸ ಪೈಪಿನ ಗೋಡೆ ಮೊದಮೊದಲು ಬೆರೆಸಿದ ನಾತವನ್ನು ಹೀರಿಕೊಳ್ಳುವುದುಂಟು. ಸೋರಿದ ಗ್ಯಾಸು ಮಣ್ಣಿನಲ್ಲಿ ಹಾದು ಬಂದರೆ ಉಳಿದದ್ದೂ ಹೋಗುತ್ತದೆ. ಹೊಸ ಲೈನಿನಲ್ಲಿ ಇಬ್ಬರು ಮೂಸಬೇಕು ಎನ್ನುವುದು ಅದಕ್ಕೇ. ಪರೀಕ್ಷೆಯ ಫಲಿತಾಂಶ ಬಂತು. ವಾಸನೆ: ಇಲ್ಲ. ಅದೇ ಓಣಿಗೆ ಮೂರು ವಾರದ ಹಿಂದೆ ನಾನು ಬರೆದ ಫಾರಮ್ಮು ಅದೇ ಫೈಲಿನಲ್ಲಿತ್ತು. ಸ್ಪಷ್ಟ. ಕೆಳಗೆ ನನ್ನ ರುಜು.

ಯಾರೂ ನನ್ನನ್ನು ದೂರಲಿಲ್ಲ. ಆವತ್ತು ಇದ್ದಿರಬೇಕು, ಆಮೇಲೆ ಹೋಗಿರಬೇಕು ಎಂದುಕೊಂಡರು. ಬದಲಿಗೆ ನನ್ನ ಮೂಗಿನ ಕೀರ್ತಿ ಇನ್ನಷ್ಟು ಹಬ್ಬಿತು. ಯಾರಿಗೂ ಬಾರದ ವಾಸನೆಯನ್ನು ಹಿಡಿದ ಮೂಗು! ಗಾವಡೆ ಪೇಢೆ ಹಂಚಿದ. ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಕುರ್ಚಿ ಸಮೇತ ಇಳಿದು ಬಂದ ಆ ಮುದುಕ ಕಣ್ಣ ಮುಂದೆ ಬರುತ್ತಿದ್ದ. ಮೂರನೇ ದಿನ ನಮ್ಮ ಮೇಲಧಿಕಾರಿಯ ಬಳಿ ಹೋಗಿ, ನನಗೆ ಎರಡು ವರ್ಷದಿಂದ ವಾಸನೆಯೇ ತಿಳಿಯುವುದಿಲ್ಲ, ಬರೆದದ್ದೆಲ್ಲ ಸುಳ್ಳು ಎಂದೆ. ಅವರು ನಕ್ಕರು. ವಾಸನೆ ತಿಳಿಯದವನು ಆವತ್ತು ಹೇಗೆ ಹುಡುಕಿದೆ ಎಂದರು. ನಿಜ ಹೇಳಿದಾಗ ಯಾರೂ ನಂಬದ ಸ್ಥಿತಿ ನನ್ನದಾಯಿತು. ಕೊನೆಗೆ ಕಿವಿ ಮೂಗು ಗಂಟಲಿನ ಡಾಕ್ಟರ ಬಳಿ ಹೋಗಿ ಪರೀಕ್ಷೆ ಮಾಡಿಸಿಕೊಂಡು, ವಾಸನೆಯ ಸಾಲು ಬಾಟಲಿಗಳಲ್ಲಿ ಒಂದನ್ನೂ ನಾನು ಗುರುತಿಸಲಿಲ್ಲ ಎಂದು ಬರೆದ ಕಾಗದವನ್ನು ತಂದು ಅವರ ಮೇಜಿನ ಮೇಲಿಟ್ಟೆ.

ಕೆಲಸದಿಂದ ತೆಗೆಯಲಿಲ್ಲ, ಹೊರಗೆ ಕಳಿಸುವುದನ್ನು ನಿಲ್ಲಿಸಿದರು. ನಾನು ರುಜು ಹಾಕಿದ ಲೈನುಗಳನ್ನೆಲ್ಲ ಬೇರೆಯವರು ಮತ್ತೆ ಮೂಸಿ ಬಂದರು. ಈಗ ನಾನು ಆಫೀಸಿನ ಮೂಲೆಯಲ್ಲಿ ಕೂತು ಇತರರ ಫಾರಮ್ಮುಗಳನ್ನು ನೋಡುತ್ತೇನೆ. ಎರಡು ರುಜುಗಳೂ ಒಂದೇ ಶಾಯಿಯಲ್ಲಿದ್ದರೆ ವಾಪಸು ಕಳಿಸುತ್ತೇನೆ. ಗಾವಡೆ ಈಗ ನನ್ನ ಜೊತೆ ಮಾತಾಡುವುದಿಲ್ಲ. ನನ್ನ ದೆಸೆಯಿಂದ ಅವನಿಗೂ ಅವನ ಕಂಪನಿಯ ಮೆಮೋ ಸಿಕ್ಕಿತು, ಸಿಟ್ಟು ಸಹಜ.

ಡಾಕ್ಟರಿಗೆ ಇಂಗಿನ ವಿಷಯವನ್ನೂ ಹೇಳಿದ್ದೆ. ಆ ಜ್ವರದ ನಂತರ ಕೆಲವರಿಗೆ ಇಲ್ಲದ ವಾಸನೆ ಬರುವುದುಂಟು, ಮಿದುಳು ತಾನೇ ಕಟ್ಟಿಕೊಳ್ಳುತ್ತದೆ ಎಂದರು. ಒಪ್ಪುತ್ತೇನೆ. ಅದಕ್ಕಿಂತ ಒಳ್ಳೆಯ ವಿವರಣೆ ನನ್ನಲ್ಲೂ ಇಲ್ಲ. ಆದರೆ ಮಿದುಳಿಗೆ ಅದೇ ಓಣಿ, ಅದೇ ಗಳಿಗೆ, ಎರಡು ಬೆರಳಿನ ಆ ತೂತು ಹೇಗೆ ಸಿಕ್ಕಿತು? ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಅಪ್ಪ ಬಂದಿದ್ದರು ಎಂದು ಹೇಳಲು ನನ್ನ ನಾಲಗೆ ಏಳುವುದಿಲ್ಲ. ಬಂದಿರಲಿಲ್ಲ ಎಂದು ಹೇಳಲೂ ಈಗ ಏಳುವುದಿಲ್ಲ.

ಪ್ರತಿ ವರ್ಷ ಈದ್ ದಿನ ಮೆಹಬೂಬ್‌ಬಿ ಫೋನ್ ಮಾಡುತ್ತಾರೆ. ಶೀರ್‌ಖುರ್ಮಾ ಕುಡಿಯಲು ಕರೆಯುತ್ತಾರೆ, ಹೋಗುತ್ತೇನೆ. ವರ್ಷದಲ್ಲಿ ನಾನು ಇನ್ನೊಬ್ಬರ ಮನೆಯಲ್ಲಿ ಕೂತು ಉಣ್ಣುವುದು ಅದೊಂದೇ ದಿನ. ಹೊರಡುವಾಗ ಪ್ರತಿ ಸಲವೂ, ಅವತ್ತು ಹೆಂಗ ಬಂತು ಅಣ್ಣಾರ, ಖರೇ ಹೇಳ್ರಿ ಎನ್ನುತ್ತಾರೆ. ಗೊತ್ತಿಲ್ಲ ಅಕ್ಕಾ ಎನ್ನುತ್ತೇನೆ. ಅವರು ನಂಬುವುದಿಲ್ಲ.

ಮಲಗುವ ಮೊದಲು ನಾನು ಮಾಡುವ ಒಂದು ಕೆಲಸವಿದೆ. ನನ್ನ ಒಲೆಗೂ ಈಗ ಪೈಪಿನ ಗ್ಯಾಸೇ. ಸೋರಿದರೆ ಮೇಲಕ್ಕೆ ಹೋಗುತ್ತದೆ, ಹೋದರೂ ನನಗೆ ತಿಳಿಯುವುದಿಲ್ಲ. ಎರಡೂ ಗೊತ್ತಿದ್ದೇ ಒಲೆಯ ಮುಂದೆ ಮೊಣಕಾಲೂರಿ ನೆಲದವರೆಗೆ ಬಗ್ಗುತ್ತೇನೆ. ಸ್ವಲ್ಪ ಹೊತ್ತು ಹಾಗೇ ಕಾಯುತ್ತೇನೆ. ಮೊಣಕಾಲು ನೋಯತೊಡಗಿದ ಮೇಲೆ ಎದ್ದು ಲೈಟು ಆರಿಸುತ್ತೇನೆ.